ಕರಿ ಟೇಪಿನ ಮೇಲುಗಡೆ

ಫೆಬ್ರವರಿ 9

ತಮ್ಮಾ,

ಬಂದು ತಲುಪಿದೆ. ಸಾಮಾನಿನ ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಬಂದದ್ದಕ್ಕೆ ಬೆನ್ನುಮೂಳೆಯ ಮಣಿಗಳೆಲ್ಲ ಬಿಡಿಬಿಡಿಯಾಗಿ ಬೇರೆ ಸಂಸಾರ ಹೂಡಿವೆ.

ಇದು ಸುರಂಗ ಕೊರೆಯುವವರ ಕ್ಯಾಂಪು. ಗಂಡಸರು ಬೆಟ್ಟದ ಹೊಟ್ಟೆಯೊಳಗೆ ಹೋಗಿ ಕೊಳೆ ಮೆತ್ತಿಕೊಂಡು ಬರುತ್ತಾರೆ. ನಾನು ಅದನ್ನು ಅವರ ಬಟ್ಟೆಯಿಂದ ಬಿಡಿಸಿ ಇಸ್ತ್ರಿ ಮಾಡಿ ಕೊಡುತ್ತೇನೆ. ಮಾರನೇ ದಿನ ಮತ್ತೆ ಹೋಗಿ ಮೆತ್ತಿಕೊಂಡು ಬರುತ್ತಾರೆ. ಬೆಟ್ಟ ಇರುವವರೆಗೆ ನನ್ನ ಹೊಟ್ಟೆಗೆ ತೊಂದರೆಯಿಲ್ಲ. ಸದ್ಯಕ್ಕೆ ಒಂದು ವರ್ಷ ಅಂತ ಬರೆಸಿಕೊಂಡಿದ್ದಾರೆ. ಫೋನು ಆಫೀಸಿನಲ್ಲಿ ಒಂದೇ ಇದೆ, ಯಾರಾದರೂ ಸತ್ತರೆ ಮಾತ್ರ ಮುಟ್ಟಬಹುದು. ಮುಟ್ಟಲು ಬಿಟ್ಟಿದ್ದರೂ ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ' ದಾಟಿ ಮುಂದೆ ಹೋದವರಲ್ಲ. ಕಾಗದ ಬರೆ. ಅದೇ ಲಾರಿ ತರುತ್ತೆ, ಅದರ ಮನಸ್ಸು ಸರಿಯಿದ್ದಾಗ.

ನೀನು ಹೇಗಿದ್ದೀಯ ಅಂತ ಕೇಳುವುದಿಲ್ಲ. ಒಂದು ನೆಗಡಿಯಾದರೆ ಇಡೀ ಬೀದಿಗೆ ಕೇಳಿಸುವ ಹಾಗೆ ನರಳುವವನು ನೀನು, ಏನಾದರೂ ಆದರೆ ಇಲ್ಲಿಗೂ ಕೇಳಿಸುತ್ತೆ. ನಾನು ಬಿಟ್ಟು ಬಂದ ನಿಂಬೆ ಗಿಡ ಹೇಗಿದೆ?

ಮಣ್ಣಿಗೆ ಬೆರಳು ತೂರಿಸಿ ನೋಡು, ಒಣಗಿದ್ದರೆ ಮಾತ್ರ ನೀರು. ಅದರ ಹತ್ತಿರ ಹೆಚ್ಚು ಮಾತಾಡಬೇಡ, ನಿನ್ನ ಕ್ಷೌರದ ಗಿರಾಕಿಗಳ ಹಾಗೆ ಅದಕ್ಕೆ ಎದ್ದು ಹೋಗಲು ಆಗುವುದಿಲ್ಲ. ಬುಡದ ಹತ್ತಿರ ನಿನ್ನ ಭಾವ ಸುತ್ತಿದ ಕರಿ ಟೇಪಿದೆ, ಅದನ್ನು ಮುಟ್ಟಬೇಡ.

ಮೊದಲ ಫಸಲಿನಲ್ಲಿ ಬಿಟ್ಟದ್ದು ಒಂದೇ ಹಣ್ಣು. ಅವರು ಕೊನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಾಗ ಕೊಯ್ದು ತೋರಿಸಿದೆ. ಆ ಸ್ಥಿತಿಯಲ್ಲೂ ಜಂಬ ನೋಡು, "ನೋಡೇ, ಒಂದು ಬೀಜ ಇಲ್ಲ" ಅಂದರು. ಅವರ ಕೈಯ ಕೆಲಸದಲ್ಲಿ ಜೀವ ಇರುವುದು ಅಂತ ಇನ್ನು ಉಳಿದಿರುವುದು ಅದೊಂದೇ. ಮುಂದಿನ ಹಣ್ಣನ್ನು ಬಂದು ನಾನೇ ಕೀಳುತ್ತೇನೆ.

ಅಕ್ಕ

ಮಾರ್ಚ್ 2

ಅಕ್ಕಾ,

ಇತ್ತ ಎಲ್ಲರೂ ಕ್ಷೇಮ ಅಂತ ಬರೆಯಲು ಕೂತರೆ ನನ್ನ ಹೆಂಡತಿ, ಅದೇ ನಿನ್ನ ನಾದಿನಿ, ಹಿಂದಿನಿಂದ ಇಣುಕಿ, "ಎಲ್ಲರೂ ಅಂದ್ರೆ ಯಾರ್‍ಯಾರು? ನನ್ನ ಮಂಡಿನೋವನ್ನ ಯಾವ ಪಟ್ಟಿಗೆ ಸೇರಿಸಿದ್ರಿ?" ಅನ್ನುತ್ತಾಳೆ. ಆದ್ದರಿಂದ ಮಂಡಿಯೊಂದನ್ನು ಬಿಟ್ಟು ಎಲ್ಲರೂ ಕ್ಷೇಮ.

ನಿಂಬೆ ಮಹಾಸ್ವಾಮಿಗಳು ಬಾಲ್ಕನಿಯಲ್ಲಿ ಬಣ್ಣದ ಡ್ರಮ್ಮೆಂಬ ಪೀಠದ ಮೇಲೆ ಬಿಜಯಂಗೈದಿದ್ದಾರೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ದರ್ಶನ, ಮಧ್ಯಾಹ್ನ ಊಟಕ್ಕೆ ಮೇಲೆ ಬಂದಾಗ ದರ್ಶನ, ಸಂಜೆ ನೀರು. ಮಧ್ಯಾಹ್ನವೂ ಒಂದು ಚೊಂಬು ಹಾಕುತ್ತೇನೆ, ಬಿಸಿಲಿದೆಯಲ್ಲ. ಬೆಳಿಗ್ಗೆಯೂ. ಬೆರಳು ತೂರಿಸುವುದೆಲ್ಲ ನನಗೆ ಸರಿಬರಲಿಲ್ಲ, ಬಾಯಾರಿದವರ ಬಾಯಿಗೆ ಬೆರಳು ಹಾಕಿ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಅಂಗಡಿಯಲ್ಲಿ ಒಬ್ಬ ಗಿರಾಕಿ ಒಂದು ಪ್ರಶ್ನೆ ಕೇಳಿದರು. ಅವರ ಮನೆಯಲ್ಲೂ ಡ್ರಮ್ಮಿನಲ್ಲಿ ನಿಂಬೆಯಿದೆಯಂತೆ. ಎಲೆ ಹಳದಿಯಾಗಿ ಉದುರುವುದು ಈ ಕಾಲದಲ್ಲಿ ಸಹಜವಾ ಅಂತ. ನನಗೇನು ಗೊತ್ತು, ಅಕ್ಕನನ್ನು ಕೇಳಿ ಹೇಳುತ್ತೇನೆ ಅಂದೆ. ಅರ್ಜೆಂಟೇನಿಲ್ಲ. ಆದರೂ ಬೇಗ ಬರೆ.

ತಮ್ಮ

ಮಾರ್ಚ್ 24

ತಮ್ಮಾ,

ಆ ಗಿರಾಕಿಗೆ ಹೇಳು: ದಿನಕ್ಕೆ ಮೂರು ಸಲ ನೀರು ಹಾಕುವವರ ಮನೆಯಲ್ಲಿ ಮಾತ್ರ ಅದು ಸಹಜ. ಒಂದು ವಾರ ನೀರು ನಿಲ್ಲಿಸಲಿ. ಡ್ರಮ್ಮಿನ ತಳದ ತೂತು ಮುಚ್ಚಿಕೊಂಡಿದೆಯಾ ಅಂತ ನೋಡಲಿ.

ಆ ಗಿರಾಕಿಗೆ ತಲೆಯಲ್ಲಿ ಕೂದಲಿದೆಯಾ? ಸುಮ್ಮನೆ ಕೇಳಿದೆ.

ಇಲ್ಲಿ ಇಸ್ತ್ರಿ ಯಂತ್ರ ಕೆಟ್ಟು ಕೂತಿದೆ. ನಿನ್ನ ಭಾವ ಇದ್ದಿದ್ದರೆ ಬಾಯಲ್ಲಿ ವೈರು ಕಚ್ಚಿಕೊಂಡು ಹತ್ತು ನಿಮಿಷದಲ್ಲಿ ಸರಿ ಮಾಡಿ, ಅರ್ಧ ಗಂಟೆ ಅದರ ಬಗ್ಗೆ ಮಾತಾಡುತ್ತಿದ್ದರು. ಆಗ ಆ ಅರ್ಧ ಗಂಟೆಗೆ ಬೈಯುತ್ತಿದ್ದೆ.

ಅಕ್ಕ

ಏಪ್ರಿಲ್ 17

ಅಕ್ಕಾ,

ಆ ಗಿರಾಕಿ ನಾನೇ. ನೀನು ಕಂಡುಹಿಡಿದೆ ಅಂತ ನಿನ್ನ ನಾದಿನಿ ಕಾಗದ ಓದಿ ಒಂದು ಹೊತ್ತು ನಕ್ಕಳು, ಮಂಡಿನೋವು ಮರೆತು.

ಈಗ ಹೇಳಬಹುದು, ಏಕೆಂದರೆ ಗಂಡಾಂತರ ಕಳೆದಿದೆ. ಸ್ವಾಮಿಗಳ ಆರೋಗ್ಯ ತೀರಾ ಕೆಟ್ಟಿತ್ತು. ಎಲೆ ಉದುರಿತು. ಕೊಂಬೆಗಳಿಗೆ ಬಿಳಿ ಹತ್ತಿಯಂಥ ಹುಳು ಮೆತ್ತಿಕೊಂಡಿತು. ಶೇವಿಂಗ್ ಸೋಪನ್ನು ಚೆನ್ನಾಗಿ ನೊರೆ ಮಾಡಿ ಬ್ರಷ್ಷಿನಲ್ಲಿ ಕೊಂಬೆಕೊಂಬೆಗೂ ಹಚ್ಚಿ ತೊಳೆದೆ. ಇಷ್ಟು ಗೌರವದಿಂದ ನಾನು ಯಾವ ಗಡ್ಡಕ್ಕೂ ನೊರೆ ಹಚ್ಚಿಲ್ಲ. ಹುಳು ಹೋಯಿತು, ಆದರೆ ಕೊಂಬೆಗಳು ಒಣಗಿದವು. ತುದಿಯಲ್ಲಿ ಎಲ್ಲೋ ಎರಡು ಹಸಿರೆಲೆ, ಅದೂ ಮನಸ್ಸಿಲ್ಲದ ಮನಸ್ಸಿನಿಂದ.

ಆದರೆ ಬುಡದಲ್ಲಿ ನೋಡಬೇಕಿತ್ತು ನೀನು. ಕರಿ ಟೇಪಿನ ಕೆಳಗಿನಿಂದ ಒಂದು ಚಿಗುರು ಹೊರಟಿತ್ತು, ಗುಂಡಿಗೆ ಇರುವ ಚಿಗುರು. ಮೇಲೆ ಸಾವು, ಕೆಳಗೆ ಜೀವ. ನಾನು ಒಂದು ರಾತ್ರಿ ಯೋಚಿಸಿದೆ. ಆಮೇಲೆ ಅಪ್ಪ ನೆನಪಾದರು. ಯಾವ ತಾಯಿ ಕೂದಲು ತೆಳ್ಳಗಿರುವ ಕೂಸನ್ನು ಅಂಗಡಿಗೆ ತಂದರೂ ಅಪ್ಪ ಹೇಳುತ್ತಿದ್ದದ್ದು ಒಂದೇ: "ಬೋಳಿಸಿಬಿಡೋಣಮ್ಮ, ದಟ್ಟವಾಗಿ ಬರುತ್ತೆ." ಈ ಸಿದ್ಧಾಂತ ನನ್ನ ಸ್ವಂತ ತಲೆಯ ಮೇಲೆ ಫಲಿಸಲಿಲ್ಲ ಅನ್ನುವುದು ಬೇರೆ ವಿಷಯ.

ಬೋಳಿಸಿದೆ. ಟೇಪು ಬಿಚ್ಚಿ, ಸರಿಯಾಗಿ ಅದಿದ್ದ ಜಾಗಕ್ಕೇ ಗರಗಸ ಇಟ್ಟು, ಮೇಲಿನದನ್ನೆಲ್ಲ ನೀಟಾಗಿ ತೆಗೆದೆ. ಗಾಯಕ್ಕೆ ಪಟಿಕ ಉಜ್ಜಿದೆ, ಗಿರಾಕಿಗಳ ಕೆನ್ನೆಗೆ ಉಜ್ಜುವ ಅದೇ ಕಲ್ಲು. ಮುಟ್ಟಬೇಡ ಅಂದಿದ್ದೆ, ಗೊತ್ತು. ಆದರೆ ಭಾವ ಇದ್ದಿದ್ದರೆ ಟೇಪಿಗಿಂತ ಗಿಡ ದೊಡ್ಡದು ಅಂತಿದ್ದರು. ಟೇಪನ್ನು ಎಸೆದಿಲ್ಲ, ಅಂಗಡಿಯ ಕನ್ನಡಿಯ ಹಿಂದೆ ಇಟ್ಟಿದ್ದೇನೆ.

ಈಗ ಚಿಗುರು ಓಡುತ್ತಿದೆ ಅಕ್ಕಾ. ನಮ್ಮ ಹಳೇ ಗಿಡಕ್ಕಿಂತ ಜೋರು. ಎಲೆ ಸ್ವಲ್ಪ ಬೇರೆ ತರ, ಒಂದೊಂದು ಕಡ್ಡಿಗೂ ಮೂರು ಮೂರು. ಕಾಯಿಲೆಯಿಂದ ಎದ್ದವರಿಗೆ ಕೂದಲು ಗುಂಗುರಾಗಿ ಬರುವುದಿಲ್ಲವೇ, ಹಾಗಿರಬೇಕು.

ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೇನೆ. ಕೈ ಎಟುಕಿದ ಮಟ್ಟಿಗೆ.

ತಮ್ಮ

ಏಪ್ರಿಲ್ 17

ತಮ್ಮಾ,

ಹಿಂದಿನ ಕಾಗದದಲ್ಲಿ ಬರೀ ತಮಾಷೆ ಮಾಡಿ ಮುಗಿಸಿದೆ. ಆಮೇಲೆ ನಿದ್ದೆ ಬರಲಿಲ್ಲ. ಆ ಗಿರಾಕಿ ನೀನೇ ಅಂತ ಗೊತ್ತು. ಅದಕ್ಕೇ ಸರಿಯಾಗಿ ಬರೆಯುತ್ತಿದ್ದೇನೆ, ಈ ಕಾಗದವನ್ನು ಎರಡು ಸಲ ಓದು.

ಆ ಗಿಡ ಒಂದಲ್ಲ, ಎರಡು. ಟೇಪಿನ ಕೆಳಗಿರುವುದು ಕಾಡು ಜಾತಿಯ ಮುಳ್ಳು ಗಿಡ. ಗಟ್ಟಿ ಬೇರು ಇರಲಿ ಅಂತ ಮಾತ್ರ ಅದನ್ನು ಇಟ್ಟಿರುವುದು. ಅದರ ಹಣ್ಣು ಬಾಯಿಗೆ ಇಡಲಾಗದಷ್ಟು ಕಹಿ. ನಿಂಬೆ ಇರುವುದು ಟೇಪಿನ ಮೇಲುಗಡೆ ಮಾತ್ರ. ನಿನ್ನ ಭಾವ ಯಾರದೋ ಮನೆಗೆ ಫ್ಯಾನು ಹಾಕಲು ಹೋದವರು ಆ ಮನೆಯ ಹಿತ್ತಲಿಂದ ಒಂದು ಕಡ್ಡಿ ಕೇಳಿ ತಂದು, ಎರಡು ವೈರು ಜೋಡಿಸಿದ ಹಾಗೆ ಜೋಡಿಸಿ ಟೇಪು ಸುತ್ತಿದರು. "ಇನ್ನು ಕರೆಂಟು ಹರಿಯುತ್ತೆ" ಅಂದರು.

ಗಿಡ ಸೊರಗಿದಾಗ ಕೆಳಗಿನವನು ತಲೆ ಎತ್ತುತ್ತಾನೆ. ಜೋರಾಗಿ ಬರುತ್ತಾನೆ, ಮೂರು ಮೂರು ಎಲೆ ಬಿಡುತ್ತಾನೆ. ನೋಡಿ ಮೋಸ ಹೋಗಬೇಡ, ಕಂಡ ತಕ್ಷಣ ಚಿವುಟಿ ಹಾಕು. ಮೇಲೆ ಎರಡೇ ಎಲೆ ಉಳಿದಿದ್ದರೂ ಸಾಕು, ಗಿಡ ಬದುಕುತ್ತೆ. ಮೇಲಿನದಕ್ಕೆ ಮಾತ್ರ ಯಾವ ಕಾರಣಕ್ಕೂ ಕತ್ತರಿ ತಾಗಿಸಬೇಡ.

ಇನ್ನೊಂದು ಕಡ್ಡಿ ತರೋಣ ಅಂದರೆ ಆ ಮನೆಯೇ ಈಗ ಇಲ್ಲ. ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಆ ಮರದ್ದು ಅಂತ ಲೋಕದಲ್ಲಿ ಇರುವುದು ನಿನ್ನ ಬಾಲ್ಕನಿಯಲ್ಲಿರುವುದೊಂದೇ.

ಗಾಬರಿ ಪಡಿಸಲು ಬರೆದದ್ದಲ್ಲ. ಲಾರಿ ನಾಳೆ ಹೊರಡುತ್ತೆ.

ಅಕ್ಕ

ಮೇ 6

ಅಕ್ಕಾ,

ನಿನ್ನ ಕಾಗದ ಎರಡು ಸಲ ಓದಿದೆ. ನೀನು ಹೇಳಿದ್ದಕ್ಕಿಂತ ಜಾಸ್ತಿಯೇ ಓದಿದೆ ಅನ್ನು.

ನನ್ನ ಹಿಂದಿನ ಕಾಗದ ಈ ಹೊತ್ತಿಗೆ ನಿನಗೆ ತಲುಪಿರಬೇಕು. ಗರಗಸ, ಪಟಿಕ, ಬೋಳಿಸಿದ್ದು ಅಂತೆಲ್ಲ. ಅದು ತಮಾಷೆ ಅಕ್ಕಾ. ನಿನ್ನನ್ನು ಒಂದು ಸಲ ಹೆದರಿಸೋಣ ಅಂತ ಬರೆದೆ. ನಾನು ಅಂಥ ಪೆದ್ದನಾ? ಎರಡು ಗಿಡ ಒಂದಾಗಿರುವುದು ನೋಡಿದರೆ ತಿಳಿಯುವುದಿಲ್ಲವಾ? ಮೂರು ಮೂರು ಎಲೆ ಅಂತ ಹೇಗೆ ಬರೆದೆ ಅಂದರೆ, ಅಂಥ ಚಿಗುರು ಬಂದಿತ್ತು, ನಿಜ, ಕಂಡ ತಕ್ಷಣ ಚಿವುಟಿ ಹಾಕಿದೆ. ನೀನು ಹೇಳುವ ಮುಂಚೆಯೇ. ಮೇಲಿನದು ಚೆನ್ನಾಗಿದೆ. ಟೇಪು ಟೇಪಿನ ಜಾಗದಲ್ಲೇ ಇದೆ.

ನಿನ್ನ ನಾದಿನಿ ನಮಸ್ಕಾರ ತಿಳಿಸಿದ್ದಾಳೆ. ಪಕ್ಕದಲ್ಲಿ ನಿಂತಿಲ್ಲ, ಒಳಗೆ ಇದ್ದಾಳೆ, ಅಲ್ಲಿಂದಲೇ ತಿಳಿಸಿದಳು.

ಬೇಗ ಬರೆ. ನಗು ಬಂದಿದ್ದರೆ ಬಂತು ಅಂತ ಬರೆ.

ತಮ್ಮ

ಜುಲೈ 30

ತಮ್ಮಾ,

ಬರೆಯಲು ತಡವಾಯಿತು. ಲಾರಿಯದೇನೂ ತಪ್ಪಿಲ್ಲ.

ತಮಾಷೆ ಅಂತ ಗೊತ್ತಾಯಿತು. ಚಿಕ್ಕವನಿದ್ದಾಗ ನನ್ನ ಜಡೆ ಅರ್ಧ ಕತ್ತರಿಸಿ, 'ಗಾಳಿಗೆ ಹೋಯ್ತು' ಅಂದವನು ನೀನು. ಅವತ್ತು ಅಮ್ಮ ನಂಬಿದ ಹಾಗೆ ಮಾಡಿದಳು, ನಾನೂ ಮಾಡಿದೆ.

ಇಲ್ಲಿ ಧೂಳು ಜಾಸ್ತಿ. ಬಿಳಿ ಹಾಸಿಗೆಬಟ್ಟೆ ಒಣಗುವುದರೊಳಗೆ ಬೂದಿ ಬಣ್ಣಕ್ಕೆ ಬರುತ್ತದೆ. ಮತ್ತೆ ಒಗೆಯುತ್ತೇನೆ. ಅಡುಗೆಯ ಹೆಂಗಸು, "ಅಕ್ಕಾ, ಒಂದು ಸಲ ಸೋತೆ ಅಂತ ಒಪ್ಕೊಂಡ್ಬಿಡಿ" ಅಂತಾಳೆ.

ನಿನ್ನ ಹೆಂಡತಿಯ ಮಂಡಿ ಹೇಗಿದೆ?

ಅಕ್ಕ

ಸೆಪ್ಟೆಂಬರ್ 12

ಅಕ್ಕಾ,

ನಿನ್ನ ಕಾಗದದಲ್ಲಿ ನಿಂಬೆಯ ಸುದ್ದಿಯೇ ಇಲ್ಲ. ಸ್ವಾಮಿಗಳಿಗೆ ಬೇಜಾರಾಗಿದೆ. ಅದಕ್ಕೇ ನಾನೇ ವಿಸ್ತಾರವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ಹೂ ಬಿಟ್ಟಿದೆ. ಬಿಳಿ ಹೂ, ಅಂಚಿಗೆ ಸ್ವಲ್ಪ ನೇರಳೆ. ಪರಿಮಳ ಕೆಳಗೆ ಅಂಗಡಿಯವರೆಗೂ ಇಳಿದು ಬರುತ್ತೆ, ಗಿರಾಕಿಗಳು 'ಯಾವ ಕಂಪನಿಯ ಸೆಂಟು' ಅಂತ ಕೇಳುತ್ತಾರೆ. ಜೇನುನೊಣಗಳ ಕಾಟದಿಂದ ಒಬ್ಬರ ಕಿವಿ ಇನ್ನೇನು ಕತ್ತರಿಗೆ ಸಿಗುತ್ತಿತ್ತು. ಹೂವು ಉದುರಿ ಈಗ ಮಿಡಿ ಕಟ್ಟಿದೆ, ಬಟಾಣಿಯಷ್ಟು. ನೀನು ಬರುವ ಹೊತ್ತಿಗೆ ಸರಿಯಾಗಿ ಹಣ್ಣಾಗುತ್ತೆ. ನೀನೇ ಕೀಳಬೇಕು ಅಂತ ಯಾರನ್ನೂ ಹತ್ತಿರ ಬಿಡುತ್ತಿಲ್ಲ.

ಎದುರುಮನೆಯವರು ಒಂದು ಮುಳ್ಳು ಗಿಡ ಸಾಕಿದ್ದಾರೆ. ಅದರ ಕೊಂಬೆ ನಮ್ಮ ಬಾಲ್ಕನಿಯ ಬಟ್ಟೆ ತಂತಿಗೆ ತಾಗಿ ನಿನ್ನ ನಾದಿನಿಯ ಸೀರೆ ಹರಿಯಿತು. "ಕಡಿದು ಹಾಕ್ರೀ ಇದನ್ನ, ಯಾರಿಗೋಸ್ಕರ ಇಟ್ಕೊಂಡಿದೀರಿ?" ಅಂದಳು. ಎದುರುಮನೆಯವರದ್ದನ್ನು ನಾನು ಹೇಗೆ ಕಡಿಯಲಿ?

ಫೆಬ್ರವರಿಗೆ ವರ್ಷ ಮುಗಿಯುತ್ತಲ್ಲ. ಬಂದುಬಿಡು ಅಕ್ಕಾ. ಗಿಡ ನಿನ್ನ ದಾರಿ ಕಾಯುತ್ತಿದೆ.

ತಮ್ಮ

ನವೆಂಬರ್ 21

ತಮ್ಮಾ,

ಎದುರುಮನೆಯ ಮುಳ್ಳು ಗಿಡ ಅಷ್ಟು ದೂರ ಕೈ ಚಾಚಿದೆ ಅಂದರೆ ಬೀದಿಯ ಅಗಲ ಕಮ್ಮಿಯಾಗಿರಬೇಕು. ಇರಲಿ.

ಸುರಂಗ ಆ ಕಡೆಗೆ ತೂತು ಬಿದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಆಮೇಲೆ ನಮಗೆಲ್ಲ ಇನ್ನು ಕೆಲಸವಿಲ್ಲ ಅಂತ ನೆನಪಾಯಿತು. ಫೆಬ್ರವರಿಯಲ್ಲಿ ಕ್ಯಾಂಪು ಮುಚ್ಚುತ್ತಾರೆ. ಕಂಪನಿಯವರು ಇನ್ನೊಂದು ಬೆಟ್ಟಕ್ಕೆ ಕರೆಯುತ್ತಿದ್ದಾರೆ, ಇದಕ್ಕಿಂತ ಬಹಳ ದೂರ. ಐದು ವರ್ಷ ಅಂತೆ. ಬರುತ್ತೇನೋ ಇಲ್ಲವೋ ಜನವರಿ ಕೊನೆಯೊಳಗೆ ಹೇಳಬೇಕು.

ನಿನ್ನ ಹತ್ತಿರ ಮುಚ್ಚುಮರೆ ಯಾಕೆ, ನನಗೆ ಸಾಕಾಗಿದೆ. ಮನೆಗೆ ಬಂದು ನಿನ್ನ ಅಂಗಡಿಯ ಟವೆಲ್ಲು ಒಗೆದುಕೊಂಡು, ನಿನ್ನ ಹೆಂಡತಿಯ ಜೊತೆ ಬಾಲ್ಕನಿಯಲ್ಲಿ ಕೂತು ನಿನ್ನನ್ನು ಆಡಿಕೊಂಡು ಇರಬೇಕು ಅನ್ನಿಸುತ್ತೆ.

ಗಿಡದಲ್ಲಿ ಹಣ್ಣಿದ್ದರೆ ಒಂದು ಕಳಿಸು. ಇಲ್ಲದಿದ್ದರೆ ಇಲ್ಲ ಅಂತ ಬರೆ. ಅದೊಂದು ಮಾತು ಬರೆದರೆ ಸಾಕು, ಬಂದುಬಿಡುತ್ತೇನೆ. ಏನೂ ಕೇಳುವುದಿಲ್ಲ.

ಅಕ್ಕ

ಡಿಸೆಂಬರ್ 14

ಅಕ್ಕಾ,

ಇಲ್ಲ ಅನ್ನುವ ಪ್ರಸಂಗವೇ ಇಲ್ಲ. ಇಕೋ ಹಣ್ಣು. ಎಲ್ಲಕ್ಕಿಂತ ಮೇಲಿನ ಕೊಂಬೆಯದು, ಸ್ಟೂಲು ಹತ್ತಿ ಕಿತ್ತದ್ದು. ಮೊದಲನೆಯದನ್ನು ನೀನೇ ಕೀಳಬೇಕಿತ್ತು, ಆದರೆ ಕಳಿಸು ಅಂತ ನೀನೇ ಬರೆದೆಯಲ್ಲ. ಉಳಿದವು ಗಿಡದಲ್ಲೇ ಇವೆ, ನಿನಗಾಗಿ.

ಹಣ್ಣಿಲ್ಲದಿದ್ದರೂ ಬರುತ್ತೇನೆ ಅಂತ ಬರೆದಿದ್ದೀಯ. ನಿನ್ನ ಒಳ್ಳೆಯತನ ನನಗೆ ಗೊತ್ತಿಲ್ಲವಾ. ಈ ಹಣ್ಣು ನೋಡಿದ ಮೇಲೆ ಒಳ್ಳೆಯತನದಿಂದ ಅಲ್ಲ, ಆಸೆಯಿಂದಲೇ ಬರುತ್ತೀಯ.

ಅಂಗಡಿಯ ಹೊಸ ಟವೆಲ್ಲಿನಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ. ಹೊಲಿಗೆ ಸೊಟ್ಟಗಿದ್ದರೆ ನಗಬೇಡ, ನಾನೇ ಹೊಲಿದದ್ದು. ನಿನ್ನ ನಾದಿನಿ, "ಅತ್ತಿಗೆಗೆ ಇದನ್ನ ಕಳಿಸೋದಾದ್ರೆ ನೀವೇ ಹೊಲ್ಕೊಳ್ಳಿ, ನನ್ನ ಸೂಜಿ ಸಿಗ್ತಿಲ್ಲ" ಅಂದಳು, ಸೂಜಿ ಕೈಯಲ್ಲಿ ಹಿಡಿದುಕೊಂಡು.

ಒಳಗಿನ ಚಿಕ್ಕ ಕೋಣೆಗೆ ಸುಣ್ಣ ಬಳಿಸಿದ್ದೇನೆ. ಕಿಟಕಿ ತೆಗೆದರೆ ಬಾಲ್ಕನಿ ಕಾಣುತ್ತೆ. ಸದ್ಯಕ್ಕೆ ಮುಚ್ಚಿಟ್ಟಿದ್ದೇನೆ, ಧೂಳು.

ತಮ್ಮ

ಜನವರಿ 19

ತಮ್ಮಾ,

ಪಾರ್ಸೆಲ್ ತಲುಪಿತು. ಹೊಲಿಗೆ ನೋಡಿ ನಕ್ಕೆ. ನಗಬೇಡ ಅಂದಿದ್ದೆ, ಆದರೆ ನಗು ಬಂದರೆ ಬಂತು ಅಂತ ಬರೆ ಅಂತಲೂ ಒಂದು ಸಲ ಬರೆದಿದ್ದೆ.

ಹಣ್ಣನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಚೆಂದ ಇತ್ತು. ಇವತ್ತು ಕೊಯ್ದು ಬಿಸಿನೀರಿಗೆ ಹಿಂಡಿ ಕುಡಿದೆ. ಹುಳಿ ಸರಿಯಾಗಿತ್ತು. ಬೀಜಗಳು ಲೋಟದ ತಳಕ್ಕೆ ಬಂದು ಕೂತವು.

ನಿನ್ನ ಭಾವ ಇದ್ದಿದ್ದರೆ ಇದು ನಮ್ಮ ಗಿಡದ್ದಲ್ಲ ಅಂತಿದ್ದರು. ಅವರಿಲ್ಲ. ಹಾಗಾಗಿ ನಮ್ಮ ಗಿಡದ್ದೇ.

ನಾನು ಬಂದರೆ ನೀನು ನನ್ನ ಮುಖ ಬಿಟ್ಟು ಬೇರೆ ಎಲ್ಲೆಲ್ಲಿ ನೋಡುತ್ತೀಯ ಅಂತ ಯೋಚಿಸಿದೆ. ನೀನು ಬಾಲ್ಕನಿಗೆ ಹೋಗಲಾರೆ, ಕಿಟಕಿ ತೆಗೆಯಲಾರೆ. ಆ ಕಿಟಕಿಯನ್ನು ನೀನು ಎಷ್ಟು ದಿನ ಅಂತ ಧೂಳಿನ ನೆಪ ಹೇಳಿ ಮುಚ್ಚಿಡುತ್ತೀಯ? ಕತ್ತರಿ ಹಿಡಿಯುವವನಿಗೆ ಅಷ್ಟು ಭಯ ಒಳ್ಳೆಯದಲ್ಲ, ಯಾರದಾದರೂ ಕಿವಿ ಹೋದೀತು. ಇಲ್ಲ ಅಂತ ಬರೆಯುವುದಕ್ಕಿಂತ ಪಾರ್ಸೆಲ್ ಹೊಲಿಯುವುದೇ ನಿನಗೆ ಸುಲಭ ಅನ್ನಿಸಿತಲ್ಲ. ನಾನು ಬರದಿರುವುದೇ ನಿನಗೆ ಹಗುರ ಅಂತ ತಿಳಿದುಕೊಂಡೆ.

ದೂರದ ಬೆಟ್ಟಕ್ಕೆ ಒಪ್ಪಿ ಸಹಿ ಹಾಕಿದೆ. ಮುಂದಿನ ತಿಂಗಳ ಮೊದಲ ವಾರ ಹೊರಡುತ್ತೇವೆ. ಕೋಣೆಗೆ ಯಾರನ್ನಾದರೂ ಬಾಡಿಗೆಗೆ ಇಟ್ಟುಕೊ, ಸುಣ್ಣ ದಂಡವಾಗುವುದು ಬೇಡ.

ಗಿಡವನ್ನು ಚೆನ್ನಾಗಿ ನೋಡಿಕೊ.

ಅಕ್ಕ

ಫೆಬ್ರವರಿ 11

ಅಕ್ಕಾ,

ಹೊಸ ಜಾಗದ ವಿಳಾಸ ನೀನು ಬರೆದಿಲ್ಲ. ಮರೆತಿರಬೇಕು. ಕ್ಯಾಂಪಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಲಾರಿ ಇನ್ನೂ ಆ ಕಡೆ ಹೋಗುತ್ತಿದ್ದರೆ, ಅಲ್ಲಿ ಯಾರಾದರೂ ಉಳಿದಿದ್ದರೆ, ಅವರಿಗೆ ನಿನ್ನ ನೆನಪಿದ್ದರೆ ನಿನಗೆ ಸಿಗುತ್ತೆ.

ನಿನ್ನ ಕಾಗದವನ್ನು ನಿನ್ನ ನಾದಿನಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಕೋಣೆಯ ಕಿಟಕಿ ತೆಗೆದು ಬಂದಳು. ಗಿಡದ ಒಂದು ಕೊಂಬೆ ಒಳಗೆ ಬಂತು. ಅಷ್ಟು ಬೆಳೆದಿದೆ.

ನೀನು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ನೀನು ಬರುವುದಾದರೆ ಗಿಡಕ್ಕಾಗಿ ಮಾತ್ರ ಬರುತ್ತೀಯ ಅಂದುಕೊಂಡಿದ್ದೆ. ಅದಕ್ಕೇ ಗಿಡವನ್ನು ಬೆಳೆಸಿದೆ, ಕಾಗದದಲ್ಲಿ. ಹೂವಿನ ಅಂಚಿಗೆ ನೇರಳೆ ಬಣ್ಣ ಇರುತ್ತೆ ಅಂತ ಅಂಗಡಿಗೆ ಬಂದ ಒಬ್ಬರನ್ನು ಕೇಳಿ ತಿಳಿದುಕೊಂಡೆ.

ಬೆಳಿಗ್ಗೆ ಗಿಡಕ್ಕೆ ನೀರು ಹಾಕಿದೆ. ಬೆರಳು ತೂರಿಸಿ, ಒಣಗಿದೆಯಾ ಅಂತ ನೋಡಿಯೇ ಹಾಕಿದೆ. ಕೈ ತೆಗೆಯುವಾಗ ಮುಳ್ಳು ಉದ್ದಕ್ಕೆ ಗೀರಿತು. ಕೆಳಗೆ ಬಂದು ಪಟಿಕ ಉಜ್ಜಿಕೊಂಡೆ. ಅಷ್ಟು ಉರಿಯುತ್ತೆ ಅಂತ ಯಾವ ಗಿರಾಕಿಯೂ ನನಗೆ ಹೇಳಿರಲಿಲ್ಲ.

ನೀನು ಒಂದು ಮಾತು ಕೇಳಿದ್ದೆ, ನವೆಂಬರಿನಲ್ಲಿ. ಅದನ್ನು ಈಗ ಬರೆಯುತ್ತಿದ್ದೇನೆ.

ಇಲ್ಲ.

ತಮ್ಮ